ರೆಂಬ್ರಾಂಟ್ ಓದಿದ ಶಾಲೆಗೆ ನಮ್ಮ ಮಗಳು ಸೇರಬಹುದಾ?

ಪ್ರಶ್ನೆ: ನಾವು ಮೈಸೂರು ಕಡೆಯವರು. ಆರು ವರ್ಷದಿಂದ ನೆದರ್‌ಲ್ಯಾಂಡ್ಸ್‌ನ ಲೈಡನ್‌ನಲ್ಲಿದ್ದೇವೆ. ಮಗಳು ಪ್ರೈಮರಿಯ ಕೊನೆಯ ವರ್ಷದಲ್ಲಿದ್ದಾಳೆ. ಅವಳನ್ನು ‘ಜಿಮ್ನಾಸಿಯಂ’ಗೆ ಸೇರಿಸಬಹುದು ಎಂದು ಟೀಚರ್ ಹೇಳಿದ್ದಾರೆ. ಇಲ್ಲಿನ ಜಿಮ್ನಾಸಿಯಂ ಅಂದರೆ ಚಿತ್ರಕಾರ ರೆಂಬ್ರಾಂಟ್ ಓದಿದ ಶಾಲೆ ಎಂದು ಪಕ್ಕದ ಮನೆಯವರು ಹೇಳುತ್ತಾರೆ. ಆದರೆ ಊರಿನ ಮಧ್ಯೆ ಇರುವ ಹಳೆ ಲ್ಯಾಟಿನ್ ಶಾಲೆಯ ಕಟ್ಟಡವೇ ಬೇರೆ, ಈಗಿನ ಶಾಲೆಯೇ ಬೇರೆ. ಎರಡಕ್ಕೂ ಏನು ಸಂಬಂಧ? ಈ ಕಾಲದಲ್ಲೂ ಲ್ಯಾಟಿನ್, ಗ್ರೀಕ್ ಯಾಕೆ ಕಲಿಸುತ್ತಾರೆ? ನಮ್ಮೂರಲ್ಲಿ ಮಾರ್ಕ್ಸ್‌ಗೋಸ್ಕರ ಸಂಸ್ಕೃತ ತಗೊಳ್ಳುತ್ತಾರಲ್ಲ, ಹಾಗೇನಾ?

ಉತ್ತರ: ಧಾರಾಳವಾಗಿ ಸೇರಬಹುದು. ಪಕ್ಕದ ಮನೆಯವರು ಹೇಳಿದ್ದೂ ಸುಳ್ಳಲ್ಲ. ಕಟ್ಟಡ ಬದಲಾಗಿದೆ, ಹೆಸರು ಬದಲಾಗಿದೆ, ನಡೆಸುವ ಕಾನೂನು ಬದಲಾಗಿದೆ. ಆದರೂ ಲೈಡನ್ ನಗರದ ಲ್ಯಾಟಿನ್ ಶಾಲೆಯೇ ಮುಂದೆ ನಗರದ ಜಿಮ್ನಾಸಿಯಂ ಆಯಿತು. ಮನೆ ಬದಲಾದರೂ ಮನೆತನ ಅದೇ ಎನ್ನುತ್ತೇವಲ್ಲ, ಹಾಗೆ. ಇಪ್ಪತ್ತು ವರ್ಷದಿಂದ ಡಚ್ ಶಾಲೆಗಳ ಇತಿಹಾಸವನ್ನೇ ಓದುತ್ತಾ ಬಂದವನು ನಾನು. ನಿಮ್ಮ ಪ್ರಶ್ನೆ ನೋಡಿ ಖುಷಿಯಾಯಿತು. ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಮೊದಲು ಹೆಸರು. ಜಿಮ್ನಾಸಿಯಂ ಅಂದ ತಕ್ಷಣ ನಮಗೆ ಡಂಬೆಲ್ಸು, ಬೆವರು ನೆನಪಾಗುತ್ತದೆ. ಪದದ ಹುಟ್ಟೂ ಅಲ್ಲೇ. ಹಳೆಯ ಗ್ರೀಸ್‌ನಲ್ಲಿ ಹುಡುಗರು ವ್ಯಾಯಾಮ ಮಾಡುತ್ತಿದ್ದ ಜಾಗಕ್ಕೆ ಆ ಹೆಸರಿತ್ತು. ಅಲ್ಲೇ ತತ್ವಜ್ಞಾನಿಗಳು ಕೂತು ಪಾಠ ಹೇಳುತ್ತಿದ್ದರು. ಜರ್ಮನರು, ಡಚ್ಚರು ಆ ಹೆಸರನ್ನು ಹೈಸ್ಕೂಲಿಗೆ ಇಟ್ಟುಕೊಂಡರು. ಇಲ್ಲಿ ಜಿಮ್ನಾಸಿಯಂ ಅಂದರೆ ಲ್ಯಾಟಿನ್ ಮತ್ತು ಗ್ರೀಕ್ ಕಲಿಸುವ, 6 ವರ್ಷದ, ವಿಶ್ವವಿದ್ಯಾಲಯಕ್ಕೆ ದಾರಿ ಮಾಡುವ ಶಾಲೆ. ಈ ‘ದಾರಿ’ ಅನ್ನುವ ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ನಾಲ್ಕು ನೂರು ವರ್ಷದ ಜಗಳವೆಲ್ಲ ಅದರ ಸುತ್ತಲೇ ನಡೆದಿದೆ. ಆ ದಾರಿಯಲ್ಲಿ ಯಾರನ್ನು ಬಿಟ್ಟರು, ಯಾರನ್ನು ಹೊರಗೆ ನಿಲ್ಲಿಸಿದರು ಅನ್ನುವುದೇ ಈ ಶಾಲೆಯ ನಿಜವಾದ ಇತಿಹಾಸ ಎಂದು ನನಗೆ ಅನಿಸುತ್ತದೆ.

ಒಂದು ಭಾನುವಾರ ಲೊಕ್‌ಹೋರ್ಸ್ಟ್‌ಸ್ಟ್ರಾಟ್ ಬೀದಿಗೆ ಹೋಗಿ. ರಾಪೆನ್‌ಬರ್ಗ್ ಕಾಲುವೆಯಿಂದ ನಡೆದು ಹೋದರೂ ದೂರವೇನಿಲ್ಲ. ಬೀದಿ ಕಿರಿದು, ಕೆಳಗೆ ಇಟ್ಟಿಗೆ ಹಾಸು. ಅಲ್ಲಿ ಕೆಂಪು ಇಟ್ಟಿಗೆಯ ಒಂದು ಕಟ್ಟಡ ಇದೆ. ಮುಂಭಾಗದ ಗೋಡೆ ಮೇಲೆ ಹೋಗುತ್ತಾ ಮೆಟ್ಟಿಲು ಮೆಟ್ಟಿಲಾಗಿ ಕಿರಿದಾಗುತ್ತದೆ, ನಡುನಡುವೆ ಬಿಳಿ ಕಲ್ಲಿನ ಪಟ್ಟಿಗಳಿವೆ. 1599ರಲ್ಲಿ ನಗರಸಭೆ ಹೊಸದಾಗಿ ಕಟ್ಟಿಸಿದ ಲ್ಯಾಟಿನ್ ಶಾಲೆ ಇದು. ಗೋಡೆಯ ಮೇಲೆ ಲ್ಯಾಟಿನ್‌ನಲ್ಲಿ ಕೆತ್ತಿದ್ದಾರೆ: ‘ಪಿಯೆಟಾಟಿ, ಲಿಂಗ್ವಿಸ್ ಎಟ್ ಆರ್ಟಿಬಸ್ ಲಿಬೆರಾಲಿಬಸ್’. ದೈವಭಕ್ತಿಗೆ, ಭಾಷೆಗಳಿಗೆ, ವಿದ್ಯೆಗಳಿಗೆ ಎಂದು ಅರ್ಥ. ಈ ಸಾಲಿಗೆ ಆಮೇಲೆ ಮತ್ತೆ ಬರುತ್ತೇನೆ.

ಅಲ್ಲಿಂದ ನಾಲ್ಕು ಹೆಜ್ಜೆ ಹಾಕಿದರೆ ಖ್ರಾವೆನ್‌ಸ್ಟೇನ್ ಸಿಗುತ್ತದೆ. ಅದು ಹಳೆಯ ಸೆರೆಮನೆ. ಅದರ ಮುಂದಿನ ಬಯಲಿನಲ್ಲಿ ಎಲ್ಲರ ಕಣ್ಣೆದುರಿಗೇ ಅಪರಾಧಿಗಳಿಗೆ ಮರಣದಂಡನೆ ಆಗುತ್ತಿತ್ತು. ಇನ್ನೊಂದು ಪಕ್ಕಕ್ಕೆ ಪೀಟರ್ಸ್‌ಕೆರ್ಕ್, ಅಂದರೆ ಊರಿನ ದೊಡ್ಡ ಚರ್ಚ್. ಶಾಲೆ, ಚರ್ಚು, ಸೆರೆಮನೆ, ವಧೆಯ ಬಯಲು ಎಲ್ಲವೂ ಒಂದೇ ಮೂಲೆಯಲ್ಲಿ! ಹತ್ತು ವರ್ಷದ ಹುಡುಗರು ದಿನಾ ಇದನ್ನೆಲ್ಲ ದಾಟಿಕೊಂಡು ಪಾಠಕ್ಕೆ ಹೋಗುತ್ತಿದ್ದರು. ಆ ಮೂಲೆಯಲ್ಲಿ ನಿಂತಾಗಲೆಲ್ಲ ನನಗೆ ಆ ಮಕ್ಕಳೇ ಕಣ್ಣ ಮುಂದೆ ಬರುತ್ತಾರೆ.

ಶಾಲೆ ಈ ಕಟ್ಟಡಕ್ಕಿಂತ ಹಳೆಯದು. 14ನೇ ಶತಮಾನದಲ್ಲೇ ಪೀಟರ್ಸ್‌ಕೆರ್ಕ್‌ನ ನೆರಳಿನಲ್ಲಿ ಶಾಲೆ ಇತ್ತು. ಆಗ ಅದರ ಕೆಲಸ ಪಾದ್ರಿಗಳಿಗೆ, ಗುಮಾಸ್ತರಿಗೆ ಬೇಕಾದಷ್ಟು ಲ್ಯಾಟಿನ್ ಕಲಿಸುವುದು ಮತ್ತು ಚರ್ಚಿನಲ್ಲಿ ಹಾಡುವುದಕ್ಕೆ ಹುಡುಗರನ್ನು ತಯಾರು ಮಾಡುವುದು. ಯೂರೋಪಿನ ಎಲ್ಲ ಊರುಗಳಲ್ಲೂ ಇಂಥ ಶಾಲೆಗಳಿದ್ದವು.

ಎಲ್ಲ ಬದಲಾಗಿದ್ದು ಒಂದು ಯುದ್ಧದಿಂದ. ಸ್ಪೇನಿನ ಸೈನ್ಯ ಲೈಡನ್‌ಗೆ ಮುತ್ತಿಗೆ ಹಾಕಿತು. ಹಸಿವಿಗೆ, ಪ್ಲೇಗ್‌ಗೆ ಸಾವಿರಾರು ಜನ ಸತ್ತರು. ಕೊನೆಗೆ ಡಚ್ಚರು ತಮ್ಮದೇ ಒಡ್ಡುಗಳನ್ನು ಒಡೆದು ಹೊಲಗಳಿಗೆ ನೀರು ನುಗ್ಗಿಸಿದರು, ದೋಣಿಗಳಲ್ಲಿ ಬಂದು ಊರನ್ನು ಬಿಡಿಸಿಕೊಂಡರು. ಅದು 1574ರ ಅಕ್ಟೋಬರ್ 3. ಲೈಡನ್‌ನಲ್ಲಿ ಆರು ವರ್ಷ ಇದ್ದೀರಿ, ಅವತ್ತಿನ ಹೆರಿಂಗ್ ಮೀನು, ಬಿಳಿ ಬ್ರೆಡ್ಡಿನ ಹಬ್ಬ ನೋಡಿಯೇ ಇರುತ್ತೀರಿ. ನಾಲ್ಕು ತಿಂಗಳಾದ ಮೇಲೆ, 1575ರ ಫೆಬ್ರವರಿಯಲ್ಲಿ, ಊರಿಗೆ ವಿಶ್ವವಿದ್ಯಾಲಯ ಬಂತು. ಹೊಸ ದೇಶಕ್ಕೆ ವಕೀಲರು, ವೈದ್ಯರು, ಪಾದ್ರಿಗಳು, ಅಧಿಕಾರಿಗಳು ಬೇಕಾಗಿತ್ತು. ವಿಶ್ವವಿದ್ಯಾಲಯದ ಪಾಠವೆಲ್ಲ ಲ್ಯಾಟಿನ್‌ನಲ್ಲಿ. ಲ್ಯಾಟಿನ್ ಬಾರದವನು ಅಲ್ಲಿ ಹೋಗಿ ಕೂತರೂ ಒಂದಕ್ಷರ ಅರ್ಥವಾಗುವುದಿಲ್ಲ. ಹಾಗಾಗಿ ಲ್ಯಾಟಿನ್ ಶಾಲೆಯೇ ವಿಶ್ವವಿದ್ಯಾಲಯದ ಹೆಬ್ಬಾಗಿಲಾಯಿತು.

ಅದೇ ಹೊತ್ತಿಗೆ ದಕ್ಷಿಣದಿಂದ, ಈಗಿನ ಬೆಲ್ಜಿಯಂ ಕಡೆಯಿಂದ, ನೇಕಾರರು ಗುಳೆ ಎದ್ದು ಬಂದರು. 1622ರ ಜನಗಣತಿಯ ಹೊತ್ತಿಗೆ ಲೈಡನ್‌ನಲ್ಲಿ ಸುಮಾರು 45,000 ಜನ. ಆಗಿನ ಕಾಲಕ್ಕೆ ಅದು ದೊಡ್ಡ ಪಟ್ಟಣ. ಬಟ್ಟೆ ವ್ಯಾಪಾರದಿಂದ ಹಣ ಬಂತು, ಮಕ್ಕಳನ್ನು ಓದಿಸಬೇಕು ಅನ್ನುವ ಆಸೆ ಬಂತು. 1599ರ ಕಟ್ಟಡ ಆ ಆಸೆಯ ಕಟ್ಟಡ.

ರೆಂಬ್ರಾಂಟ್ ಬರುವುದು ಇಲ್ಲಿ. ಅವನು ಹುಟ್ಟಿದ್ದು 1606ರಲ್ಲಿ, ಊರಿನ ಅಂಚಿನ ವೆಡ್ಡೆಸ್ಟೇಖ್ ಓಣಿಯಲ್ಲಿ. ಅಪ್ಪ ಹಾರ್ಮೆನ್ ಗಾಳಿ ಗಿರಣಿಯವನು. ಬಿಯರ್‌ಗೆ ಬೇಕಾದ ಮೊಳಕೆ ಕಾಳು ಬೀಸುವ ಮನೆ ಅನ್ನಿ. ತುಂಬಾ ಬಡವರಲ್ಲ, ಆದರೆ ಓದಿದ ಮನೆತನವೂ ಅಲ್ಲ. ಅಣ್ಣಂದಿರು ಕೈಕಸುಬಿಗೆ ಹೋದರು. ಈ ಒಬ್ಬನನ್ನು ಮಾತ್ರ ಲ್ಯಾಟಿನ್ ಶಾಲೆಗೆ ಹಾಕಿದರು. 1641ರಲ್ಲಿ, ರೆಂಬ್ರಾಂಟ್ ಬದುಕಿದ್ದಾಗಲೇ, ಲೈಡನ್‌ನ ಒರ್ಲರ್ಸ್ ಎಂಬುವರು ಊರಿನ ಚರಿತ್ರೆ ಬರೆಯುತ್ತಾ ಇದನ್ನು ಹೇಳಿದ್ದಾರೆ: ಹುಡುಗ ಲ್ಯಾಟಿನ್ ಕಲಿತು ವಿಶ್ವವಿದ್ಯಾಲಯ ಸೇರಲಿ, ದೊಡ್ಡವನಾದ ಮೇಲೆ ಊರಿಗೆ ಉಪಯೋಗವಾಗಲಿ ಎಂದು ಅಪ್ಪ-ಅಮ್ಮ ಕಳಿಸಿದರು, ಅವನ ಮನಸ್ಸು ಮಾತ್ರ ಚಿತ್ರದ ಕಡೆಗೇ ಇತ್ತು ಎಂದು. ಎಷ್ಟು ಪರಿಚಿತ ಕಥೆ, ಅಲ್ವಾ? ಮಗ ಇಂಜಿನಿಯರ್ ಆಗಲಿ ಎಂದು ಕಾಲೇಜಿಗೆ ಸೇರಿಸಿ ಕಾಯುವ ನಮ್ಮ ಅಪ್ಪ-ಅಮ್ಮಂದಿರ ಹಾಗೆಯೇ.

1620ರ ಮೇ 20ರಂದು ಅವನ ಹೆಸರು ವಿಶ್ವವಿದ್ಯಾಲಯದ ದಾಖಲೆಯಲ್ಲಿ ಬರೆಯಲಾಗಿದೆ. ‘ರೆಂಬ್ರಾಂಡುಸ್ ಹೆರ್ಮಾನಿ ಲೇಡೆನ್ಸಿಸ್’, ವಯಸ್ಸು 14, ವಾಸ ಅಪ್ಪ-ಅಮ್ಮನ ಮನೆಯಲ್ಲಿ. ಹೆಸರೇ ಲ್ಯಾಟಿನ್ ಆಗಿಬಿಟ್ಟಿದೆ: ಲೈಡನ್ ಊರಿನ, ಹಾರ್ಮೆನ್ನನ ಮಗ ರೆಂಬ್ರಾಂಟ್. ನಿಜವಾಗಿ ಅಲ್ಲಿ ಎಷ್ಟು ಓದಿದ ಅನ್ನುವುದು ಬೇರೆ ಮಾತು. ವಿಶ್ವವಿದ್ಯಾಲಯದಲ್ಲಿ ಹೆಸರಿದ್ದರೆ ಬಿಯರ್, ವೈನ್ ಮೇಲಿನ ಸುಂಕದಲ್ಲಿ ರಿಯಾಯಿತಿ ಇತ್ತು, ನಗರ ಕಾವಲಿನ ಕೆಲಸದಿಂದ ಬಿಡುಗಡೆ ಇತ್ತು. ಅಷ್ಟಕ್ಕಾಗಿಯೇ ಹೆಸರು ಬರೆಸುವವರೂ ಇದ್ದರು. ಸ್ವಲ್ಪ ದಿನದಲ್ಲೇ ಹುಡುಗ ಸ್ವಾನೆನ್‌ಬುರ್ಖ್ ಎಂಬ ಚಿತ್ರಕಾರನ ಬಳಿ ಕೆಲಸ ಕಲಿಯಲು ಸೇರಿಕೊಂಡ.

ಹಾಗಾದರೆ ಲ್ಯಾಟಿನ್ ಶಾಲೆ ದಂಡವಾಯಿತಾ? ನನಗೆ ಹಾಗೆ ಅನಿಸುವುದಿಲ್ಲ. ಅವನ ಮೊದಲ ವರ್ಷಗಳ ಚಿತ್ರಗಳ ಮೂಲೆಯಲ್ಲಿ ಮೂರು ಅಕ್ಷರ ಹೆಣೆದ ಒಂದು ಗುರುತು ಇರುತ್ತದೆ: ಆರ್, ಎಚ್, ಎಲ್. ಅದು ದಾಖಲೆಯ ಅದೇ ಲ್ಯಾಟಿನ್ ಹೆಸರು. ಗಿರಣಿಯವನ ಮಗ ತನ್ನನ್ನು ‘ಲೈಡನ್‌ನವನು’ ಎಂದು ಲ್ಯಾಟಿನ್‌ನಲ್ಲಿ ಬರೆದುಕೊಂಡ. ಆಮೇಲೆ ಅವನು ಚಿತ್ರವಾಗಿ ಬರೆದ ಯುರೋಪಾಳ ಅಪಹರಣ, ಪ್ರೊಸೆರ್ಪಿನಾಳ ಅಪಹರಣ ಎಲ್ಲ ಓವಿಡ್ ಕವಿಯ ಕಥೆಗಳು. ಓವಿಡ್ ಆ ಕಾಲದ ಲ್ಯಾಟಿನ್ ಶಾಲೆಗಳಲ್ಲಿ ಎಲ್ಲ ಹುಡುಗರೂ ಓದುತ್ತಿದ್ದ ಕವಿ. ನಮ್ಮಲ್ಲಿ ಒಂದು ಸಲ ಕುಮಾರವ್ಯಾಸನನ್ನು ಬಾಯಿಪಾಠ ಮಾಡಿದವರ ತಲೆಯಿಂದ ಭೀಮ, ದ್ರೌಪದಿ ಹೋಗುತ್ತಾರಾ? ಹಾಗೆ. ಇನ್ನೊಂದು ವಿಷಯ ಹೇಳಬೇಕು. ದೊಡ್ಡವನಾದ ಮೇಲೆ, 1650ರ ದಶಕದಲ್ಲಿ, ಇದೇ ರೆಂಬ್ರಾಂಟ್ ಮೊಘಲರ ಚಿಕಣಿ ಚಿತ್ರಗಳನ್ನು ಎದುರಿಗಿಟ್ಟುಕೊಂಡು ನಕಲು ಬರೆದ. ಷಹಜಹಾನ್ ಕೂಡ ಅದರಲ್ಲಿದ್ದಾನೆ. ಭಾರತವನ್ನು ಕಂಡವನಲ್ಲ, ಆದರೂ ಆ ಗೆರೆಗಳನ್ನು ಎಷ್ಟು ಪ್ರೀತಿಯಿಂದ ಎಳೆದಿದ್ದಾನೆ!

ಇನ್ನು ತರಗತಿಯ ಒಳಗೆ ಹೋಗೋಣ. ಮುಖ್ಯೋಪಾಧ್ಯಾಯರಿಗೆ ‘ರೆಕ್ಟರ್’, ಅವರ ಕೆಳಗಿನವರಿಗೆ ‘ಕಾನ್‌ರೆಕ್ಟರ್’ ಎನ್ನುತ್ತಿದ್ದರು. ಇಂದಿಗೂ ಡಚ್ ಜಿಮ್ನಾಸಿಯಂಗಳಲ್ಲಿ ರೆಕ್ಟರ್ ಅನ್ನುವ ಹೆಸರೇ ನಡೆಯುತ್ತಿದೆ. ತರಗತಿಗಳ ಲೆಕ್ಕ ತಲೆಕೆಳಗು. ಹೊಸಬರು ಆರನೇ ತರಗತಿ, ಮುಗಿಸುವವರು ಒಂದನೇ ತರಗತಿ. ಮೊದಲು ವ್ಯಾಕರಣ, ಆಮೇಲೆ ಸಿಸೆರೋನ ಪತ್ರಗಳು, ಟೆರೆನ್ಸ್, ವರ್ಜಿಲ್, ಓವಿಡ್. ಸ್ವಲ್ಪ ಗ್ರೀಕ್. ಮೇಲಿನ ತರಗತಿಯಲ್ಲಿ ತರ್ಕ, ಭಾಷಣ ಕಲೆ. ಶಾಲೆಯಲ್ಲಿ ಮಾತೂ ಲ್ಯಾಟಿನ್‌ನಲ್ಲೇ ಆಡಬೇಕಿತ್ತು. ತಪ್ಪಿದರೆ ‘ಪ್ಲಾಕ್’, ಅಂದರೆ ಹಿಡಿಕೆ ಇರುವ ಮರದ ಹಲಗೆ. ಅದರಿಂದ ಅಂಗೈಗೆ ಬೀಳುತ್ತಿತ್ತು. ಚರಿತ್ರೆ, ಭೂಗೋಳ, ಡಚ್ ಭಾಷೆಗೆ ಜಾಗವೇ ಇರಲಿಲ್ಲ ಎನ್ನಬಹುದು.

ಪ್ರತಿ ಊರಿನ ಲ್ಯಾಟಿನ್ ಶಾಲೆಯೂ ತನಗೆ ತೋಚಿದ ಹಾಗೆ ನಡೆಯುತ್ತಿತ್ತು. 1625ರಲ್ಲಿ ಹಾಲೆಂಡ್ ಪ್ರಾಂತ್ಯದ ಸರ್ಕಾರ ಎಲ್ಲ ಶಾಲೆಗೂ ಒಂದೇ ನಿಯಮ ಮಾಡಿತು: ಆರು ತರಗತಿ, ಒಂದೇ ಪಠ್ಯ. ಪಠ್ಯ ತಯಾರಿಸುವ ಕೆಲಸದಲ್ಲಿ ಲೈಡನ್‌ನ ಪ್ರೊಫೆಸರ್ ವೊಸಿಯಸ್ ಅವರ ಪಾಲು ದೊಡ್ಡದು. ಅವರು ತಿದ್ದಿ ಬರೆದ ಲ್ಯಾಟಿನ್ ವ್ಯಾಕರಣವನ್ನು ಹಲವು ತಲೆಮಾರಿನ ಮಕ್ಕಳು ಉರು ಹೊಡೆದರು. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ವೊಸಿಯಸ್ ಜಿಮ್ನಾಸಿಯಂ ಎಂಬ ಶಾಲೆ ಇದೆಯಲ್ಲ, ಆ ಹೆಸರು ಇವರದೇ.

ಅದೇ 1625ರಲ್ಲಿ ಲೈಡನ್‌ಗೆ ಥಿಯೋಡೋರಸ್ ಸ್ಕ್ರೇವೆಲಿಯಸ್ ರೆಕ್ಟರ್ ಆಗಿ ಬಂದರು. ಮೊದಲು ಹಾರ್ಲೆಮ್‌ನಲ್ಲಿ ರೆಕ್ಟರ್ ಆಗಿದ್ದವರು. ಅಲ್ಲಿ ಧರ್ಮದ ಜಗಳದಲ್ಲಿ ಸೋತ ಪಕ್ಷದ ಕಡೆ ಒಲವಿತ್ತು ಅನ್ನುವ ಕಾರಣಕ್ಕೆ ಕೆಲಸ ಹೋಗಿತ್ತು. ಫ್ರಾನ್ಸ್ ಹಾಲ್ಸ್ 1617ರಲ್ಲಿ ಬರೆದ ಅವರ ಪುಟ್ಟ ಭಾವಚಿತ್ರ ಹಾರ್ಲೆಮ್‌ನ ಮ್ಯೂಸಿಯಂನಲ್ಲಿದೆ, ನೋಡಿ. ಗಡ್ಡದ ಮನುಷ್ಯ, ಕೈಯಲ್ಲಿ ಪುಸ್ತಕ. 1642ರಲ್ಲಿ ಅವರ ಮಗ ಕಾರ್ನೆಲಿಸ್ ಅದೇ ಕುರ್ಚಿಗೆ ಬಂದರು. ಕಾರ್ನೆಲಿಸ್ 1654ರಲ್ಲಿ ಒಂದು ಗ್ರೀಕ್–ಲ್ಯಾಟಿನ್ ನಿಘಂಟು ಹೊರತಂದರು. ಶಾಲಾ ಮಕ್ಕಳಿಗೆಂದು ಮಾಡಿದ ಕೈಪಿಡಿ ಅದು. ಇಂಗ್ಲೆಂಡಿನಲ್ಲಿ, ಅಮೆರಿಕದಲ್ಲಿ ಕೂಡ 19ನೇ ಶತಮಾನದವರೆಗೆ ಮತ್ತೆ ಮತ್ತೆ ಅಚ್ಚಾಯಿತು. ಒಂದು ಊರಿನ ಮೇಷ್ಟ್ರು ಕೂತು ಮಾಡಿದ ಪುಸ್ತಕ ಇನ್ನೂರು ವರ್ಷ ಪ್ರಪಂಚ ಸುತ್ತಿತು. ಇತಿಹಾಸದ ಪುಸ್ತಕಗಳಲ್ಲಿ ರಾಜರಿಗೆ ಸಿಗುವ ಜಾಗ ಇಂಥ ಮೇಷ್ಟ್ರಿಗೆ ಸಿಗುವುದಿಲ್ಲ. ಅದು ನನಗೆ ಬೇಜಾರು.

ಈ ಶಾಲೆಗಳ ಒಂದು ಪದ್ಧತಿ ನನಗೆ ತುಂಬಾ ಇಷ್ಟ. ಪರೀಕ್ಷೆಯಲ್ಲಿ ಮುಂದಿದ್ದ ಹುಡುಗನಿಗೆ ನಗರಸಭೆಯೇ ಖರ್ಚು ಹಾಕಿ ಒಂದು ಬಹುಮಾನ ಪುಸ್ತಕ ಕೊಡುತ್ತಿತ್ತು. ಹಳೆ ಪುಸ್ತಕದ ಅಂಗಡಿಯೊಂದರಲ್ಲಿ ಅಂಥದ್ದೊಂದನ್ನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಕರುವಿನ ಚರ್ಮದ ರಟ್ಟು, ಹಳೆಯ ದಂತದ ಬಣ್ಣ. ಮುಟ್ಟಿದರೆ ತಣ್ಣಗೆ, ನುಣ್ಣಗೆ. ರಟ್ಟಿನ ನಡುವೆ ಚಿನ್ನದ ಅಚ್ಚಿನಲ್ಲಿ ಲೈಡನ್‌ನ ಲಾಂಛನ: ಅಡ್ಡಡ್ಡ ಇಟ್ಟ ಎರಡು ಬೀಗದ ಕೈ. ಪುಸ್ತಕ ಕಟ್ಟಲು ಇದ್ದ ರೇಷ್ಮೆ ದಾರ ಹರಿದುಹೋಗಿ ಎರಡು ಎಳೆ ಮಾತ್ರ ಉಳಿದಿದ್ದವು. ಒಳಗೆ ರೆಕ್ಟರ್ ಕೈಬರಹದಲ್ಲಿ ಲ್ಯಾಟಿನ್ ಒಕ್ಕಣೆ: ಈ ಹುಡುಗ ಶ್ರದ್ಧೆಯಿಂದ ಓದಿ ಮೇಲಿನ ತರಗತಿಗೆ ಹೋಗುತ್ತಿದ್ದಾನೆ ಎಂದು. ಪುಟಗಳು ಮಾತ್ರ ಹೊಸದರ ಹಾಗೇ ಇದ್ದವು. ಪಾಪ, ಹುಡುಗ ಆ ಪುಸ್ತಕವನ್ನು ಜೋಪಾನ ಮಾಡಿದನೇ ಹೊರತು ಜಾಸ್ತಿ ಓದಿದಂತೆ ಕಾಣಲಿಲ್ಲ. ಬೀಗದ ಕೈ ಸೇಂಟ್ ಪೀಟರ್‌ನ ಗುರುತು, ಸ್ವರ್ಗದ ಬಾಗಿಲಿನದು. ಆ ಹುಡುಗನ ಪಾಲಿಗೆ ಅದು ವಿಶ್ವವಿದ್ಯಾಲಯದ ಬಾಗಿಲಿನ ಕೀಲಿ.

ಕೀಲಿ ಎಲ್ಲರಿಗೂ ಸಿಗುತ್ತಿರಲಿಲ್ಲ. ನಿಮ್ಮ ಮಗಳ ವಿಷಯ ಬಂದಿರುವುದರಿಂದ ಇದನ್ನು ಬಿಡಿಸಿ ಹೇಳಬೇಕು. ಲ್ಯಾಟಿನ್ ಶಾಲೆ ಗಂಡು ಮಕ್ಕಳಿಗೆ ಮಾತ್ರ. ಹೆಣ್ಣು ಮಗು ಲ್ಯಾಟಿನ್ ಕಲಿಯಬೇಕೆಂದರೆ ಓದಿದ ಅಪ್ಪನೋ ಅಣ್ಣನೋ ಮನೆಯಲ್ಲೇ ಹೇಳಿಕೊಡಬೇಕು. ಆನ್ನಾ ಮರಿಯಾ ಫಾನ್ ಸ್ಕೂರ್ಮನ್ ಹಾಗೆ ಕಲಿತವರು. 1636ರಲ್ಲಿ ಉಟ್ರೆಕ್ಟ್ ವಿಶ್ವವಿದ್ಯಾಲಯ ಶುರುವಾದಾಗ ಲ್ಯಾಟಿನ್‌ನಲ್ಲಿ ಪದ್ಯ ಬರೆದುಕೊಟ್ಟವರು ಇವರೇ. ಪಾಠ ಕೇಳಲು ಬಿಟ್ಟರು, ಆದರೆ ಹುಡುಗರ ಕಣ್ಣಿಗೆ ಬೀಳದ ಹಾಗೆ ಮರೆಯಲ್ಲಿ ಕೂರಿಸಿ. ಆಮೇಲೆ ಇನ್ನೂರ ಮೂವತ್ತೈದು ವರ್ಷ ಕಾಯಬೇಕಾಯಿತು. 1871ರಲ್ಲಿ ಅಲೆಟಾ ಯಾಕೋಬ್ಸ್ ಎಂಬ ಹುಡುಗಿ ಪ್ರಧಾನಿ ತೋರ್ಬೆಕೆಗೆ ನೇರವಾಗಿ ಪತ್ರ ಬರೆದು, ಖ್ರೋನಿಂಗೆನ್ ವಿಶ್ವವಿದ್ಯಾಲಯ ಸೇರಿ, 1879ರಲ್ಲಿ ಡಾಕ್ಟರ್ ಆದರು. ಜಿಮ್ನಾಸಿಯಂಗಳಲ್ಲಿ ಹುಡುಗಿಯರು ಕಾಣಿಸಿಕೊಂಡಿದ್ದು ಅದಾದ ಮೇಲೆಯೇ, ಅದೂ ನಿಧಾನಕ್ಕೆ.

18ನೇ ಶತಮಾನಕ್ಕೆ ಲ್ಯಾಟಿನ್ ಶಾಲೆಗಳು ಸೊರಗಿದವು. ವ್ಯಾಪಾರಿಗಳಿಗೆ ಫ್ರೆಂಚ್ ಬೇಕು, ಲೆಕ್ಕಪತ್ರ ಬೇಕು. ಅದಕ್ಕೆ ಖಾಸಗಿ ‘ಫ್ರೆಂಚ್ ಶಾಲೆ’ಗಳು ಬಂದವು. ಚಿಕ್ಕ ಊರುಗಳ ಲ್ಯಾಟಿನ್ ಶಾಲೆಯಲ್ಲಿ ಬೆರಳೆಣಿಕೆಯ ಹುಡುಗರು. 1815ರಲ್ಲಿ ರಾಜ ಒಂದನೇ ವಿಲ್ಲೆಮ್ ಹೊಸ ಆದೇಶ ಹೊರಡಿಸಿ ಚರಿತ್ರೆ, ಭೂಗೋಳ, ಗಣಿತವನ್ನೂ ಸೇರಿಸಿದ. ಮುಂದೆ ದೊಡ್ಡ ಊರುಗಳ ಶಾಲೆಗಳು ಒಂದೊಂದಾಗಿ ಜಿಮ್ನಾಸಿಯಂ ಎಂದು ಹೆಸರು ಬದಲಿಸಿಕೊಂಡವು. ಲೈಡನ್‌ನದೂ ಹಾಗೆಯೇ. 1850ರಿಂದ 10 ವರ್ಷ ಅಲ್ಲಿ ಚರಿತ್ರೆ ಪಾಠ ಮಾಡಿದವರು ರಾಬರ್ಟ್ ಫ್ರೌನ್. 1860ರಲ್ಲಿ ಅವರು ವಿಶ್ವವಿದ್ಯಾಲಯದಲ್ಲಿ ದೇಶದ ಚರಿತ್ರೆಯ ಮೊದಲ ಪ್ರೊಫೆಸರ್ ಆದರು. ಈಗಿನ ಶಾಲೆ ಇರುವ ರಸ್ತೆಯ ಹೆಸರು ನೋಡಿದ್ದೀರಲ್ಲ, ಫ್ರೌನ್‌ಲಾನ್. ಅದೇ ಮೇಷ್ಟ್ರ ಹೆಸರು. 1880ರ ದಶಕದಲ್ಲಿ ಶಾಲೆ ಡೂಜಾಸ್ಟ್ರಾಟ್‌ಗೆ ಹೋಯಿತು, ಕಳೆದ ಶತಮಾನದಲ್ಲಿ ಅಲ್ಲಿಂದ ಫ್ರೌನ್‌ಲಾನ್‌ಗೆ ಬಂತು. ನಿಮ್ಮ ಕಟ್ಟಡದ ಗೊಂದಲಕ್ಕೆ ಇದೇ ಉತ್ತರ.

ಈಗ ನನಗೆ ಅತಿ ಮುಖ್ಯ ಅನಿಸುವ ಭಾಗ. ರೆಂಬ್ರಾಂಟ್ ಹುಟ್ಟಿದ 231 ವರ್ಷಕ್ಕೆ, 1837ರಲ್ಲಿ, ಅದೇ ಲೈಡನ್‌ನಲ್ಲಿ ಒಬ್ಬ ಬಡಗಿಯ ಮನೆಯಲ್ಲಿ ಯೊಹಾನೆಸ್ ವಾನ್ ಡರ್ ವಾಲ್ಸ್ ಹುಟ್ಟಿದ. ಪಿಯುಸಿ ಕೆಮಿಸ್ಟ್ರಿಯಲ್ಲಿ ವಾನ್ ಡರ್ ವಾಲ್ಸ್ ಸಮೀಕರಣ ಬರೆದವರಿಗೆಲ್ಲ ಈ ಹೆಸರು ಗೊತ್ತು. ಹತ್ತು ಮಕ್ಕಳ ಮನೆ. ಲ್ಯಾಟಿನ್ ಶಾಲೆ ಅವರ ಕೈಗೆ ಎಟಕುವಂಥದ್ದಲ್ಲ. ಹುಡುಗ ಮಾಮೂಲಿ ಶಾಲೆ ಮುಗಿಸಿ ಪ್ರೈಮರಿ ಮೇಷ್ಟ್ರಾದ. ಬಿಡುವಿನಲ್ಲಿ ವಿಶ್ವವಿದ್ಯಾಲಯಕ್ಕೆ ಹೋಗಿ ಗಣಿತ, ಭೌತಶಾಸ್ತ್ರದ ಪಾಠ ಕೇಳುತ್ತಿದ್ದ. ಕೇಳಬಹುದು, ಆದರೆ ಪರೀಕ್ಷೆಗೆ ಕೂರುವ ಹಾಗಿಲ್ಲ. ಯಾಕೆ? ಲ್ಯಾಟಿನ್, ಗ್ರೀಕ್ ಬಾರದು! ಹುಟ್ಟಿದ ಊರಿನಲ್ಲೇ, ಕಾಲ್ನಡಿಗೆಯ ದೂರದಲ್ಲಿದ್ದ ವಿಶ್ವವಿದ್ಯಾಲಯ ಅವನಿಗೆ ಬೀಗ ಹಾಕಿದ ಮನೆ.

ಆ ಬೀಗಕ್ಕೆ ಮೊದಲ ಪೆಟ್ಟು ಕೊಟ್ಟವರು ತೋರ್ಬೆಕೆ. ಅವರೇ ಲ್ಯಾಟಿನ್ ಓದಿ ಬೆಳೆದವರು, ಲೈಡನ್‌ನಲ್ಲಿ ಪ್ರೊಫೆಸರ್ ಆಗಿದ್ದವರು. 1863ರಲ್ಲಿ ಕಾನೂನು ತಂದು ಎಚ್‌ಬಿಎಸ್ ಎಂಬ ಹೊಸ ಬಗೆಯ ಹೈಸ್ಕೂಲು ತೆರೆದರು. 5 ವರ್ಷ, ಲ್ಯಾಟಿನ್ ಇಲ್ಲ. ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ, ಹೊಸ ಭಾಷೆಗಳು. ಶಾಲೆಯಲ್ಲೇ ಪ್ರಯೋಗಾಲಯ. ವಾನ್ ಡರ್ ವಾಲ್ಸ್‌ಗೆ ಡೆವೆಂಟರ್‌ನಲ್ಲಿ, ಆಮೇಲೆ ಹೇಗ್‌ನಲ್ಲಿ ಎಚ್‌ಬಿಎಸ್ ಮೇಷ್ಟ್ರ ಕೆಲಸ ಸಿಕ್ಕಿತು. ಲ್ಯಾಟಿನ್, ಗ್ರೀಕ್ ನಿಯಮದಿಂದ ವಿನಾಯಿತಿಯೂ ಸಿಕ್ಕಿತು. 1873ರಲ್ಲಿ ಲೈಡನ್‌ನಲ್ಲೇ ಪಿಎಚ್‌ಡಿ ಪಡೆದರು. ವಯಸ್ಸು 35. ಪ್ರಬಂಧ ಬರೆದಿದ್ದು ಡಚ್‌ನಲ್ಲಿ. ಇದನ್ನು ಓದಲೆಂದೇ ಕೆಲವು ವಿಜ್ಞಾನಿಗಳು ಡಚ್ ಕಲಿಯತೊಡಗಿದ್ದಾರೆ ಎಂದು ಬ್ರಿಟನ್ನಿನ ದೊಡ್ಡ ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ ಅಂಥವರು ಮೆಚ್ಚಿ ಬರೆದರು. 1910ರಲ್ಲಿ ನೊಬೆಲ್ ಬಂತು.

ಅವರೊಬ್ಬರೇ ಅಲ್ಲ. ವಾಂಟ್ ಹಾಫ್, ಲೊರೆಂಟ್ಸ್, ಝೇಮನ್, ಕಾಮರ್ಲಿಂಗ್ ಒನೆಸ್ ಎಲ್ಲ ಎಚ್‌ಬಿಎಸ್‌ನಲ್ಲಿ ಓದಿದವರು, ಎಲ್ಲರೂ ನೊಬೆಲ್ ಪಡೆದವರು. ಲೊರೆಂಟ್ಸ್ ಎಚ್‌ಬಿಎಸ್ ಮುಗಿಸಿದ ಮೇಲೆ ವಿಶ್ವವಿದ್ಯಾಲಯಕ್ಕಾಗಿ ಲ್ಯಾಟಿನ್, ಗ್ರೀಕ್ ಓದಿ 1870ರಲ್ಲಿ ಲೈಡನ್‌ಗೆ ಬಂದರು. ಝೇಮನ್ ಕೂಡ ಹಳೆ ಭಾಷೆ ಕಲಿಯಲೆಂದೇ ಡೆಲ್ಫ್ಟ್‌ಗೆ ಹೋಗಿ ಉಳಿಯಬೇಕಾಯಿತು. 1908ರಲ್ಲಿ ಕಾಮರ್ಲಿಂಗ್ ಒನೆಸ್ ಲೈಡನ್‌ನಲ್ಲಿ ಹೀಲಿಯಂ ಅನಿಲವನ್ನು ಮೊದಲ ಸಲ ದ್ರವ ಮಾಡಿ ತೋರಿಸಿದರು. ಅದಕ್ಕೆ ದಾರಿ ತೋರಿಸಿದ್ದು ಆ ಬಡಗಿಯ ಮಗನ ಸಿದ್ಧಾಂತ. ಹಳೆ ಶಾಲೆಗಳನ್ನು ನಾನು ತುಂಬಾ ಪ್ರೀತಿಸುತ್ತೇನೆ. ಆದರೂ ಹೇಳಲೇಬೇಕು: ಆ ಬೀಗ ಅನ್ಯಾಯದ್ದಾಗಿತ್ತು. ಎಷ್ಟು ವಾನ್ ಡರ್ ವಾಲ್ಸ್‌ಗಳು ವಿನಾಯಿತಿ ಸಿಗದೆ ಹಾಗೇ ಉಳಿದುಹೋದರೋ.

1876ರ ಕಾನೂನು ಜಿಮ್ನಾಸಿಯಂ ಅನ್ನು 6 ವರ್ಷದ್ದು ಮಾಡಿತು. 20,000ಕ್ಕಿಂತ ಜಾಸ್ತಿ ಜನ ಇರುವ ಊರಿನಲ್ಲಿ ಒಂದು ಜಿಮ್ನಾಸಿಯಂ ಇರಲೇಬೇಕು ಎಂದಿತು. ಕೊನೆಯ 2 ವರ್ಷ ಭಾಷೆಯ ಕಡೆಗೋ ವಿಜ್ಞಾನದ ಕಡೆಗೋ ಹೋಗುವ ಆಯ್ಕೆ ಕೊಟ್ಟಿತು. ವಿಶ್ವವಿದ್ಯಾಲಯದ ಬಾಗಿಲು ಮಾತ್ರ ಇನ್ನೂ ಜಿಮ್ನಾಸಿಯಂನದೇ. 1917ರಲ್ಲಿ ಎಚ್‌ಬಿಎಸ್ ಮುಗಿಸಿದವರೂ ಲ್ಯಾಟಿನ್ ಇಲ್ಲದೆ ವೈದ್ಯಕೀಯ, ವಿಜ್ಞಾನ ಓದಬಹುದು ಎಂದಾಯಿತು. ಬೀಗ ಕಳಚಿಬಿತ್ತು.

ಇನ್ನೊಂದು ಸಲ ಬಾಗಿಲು ಮುಚ್ಚಿದ್ದು ಇದಕ್ಕಿಂತ ಘೋರವಾಗಿ. ಜರ್ಮನ್ ಆಕ್ರಮಣದ ಕಾಲ. ಯಹೂದಿ ಪ್ರೊಫೆಸರ್‌ಗಳನ್ನು ಕೆಲಸದಿಂದ ತೆಗೆದಾಗ, 1940ರ ನವೆಂಬರ್ 26ರಂದು, ಲೈಡನ್‌ನ ಕಾನೂನು ಪ್ರೊಫೆಸರ್ ಕ್ಲೆವೆರಿಂಗಾ ಎಲ್ಲರೆದುರು ಎದ್ದು ನಿಂತು ಅದನ್ನು ಖಂಡಿಸಿ ಮಾತಾಡಿದರು. ಅವರನ್ನು ಜೈಲಿಗೆ ಹಾಕಿದರು, ವಿಶ್ವವಿದ್ಯಾಲಯ ಮುಚ್ಚಿಸಿದರು. ಮರುವರ್ಷ ಸೆಪ್ಟೆಂಬರ್‌ನಿಂದ ದೇಶದ ಯಾವ ಶಾಲೆಯಲ್ಲೂ ಯಹೂದಿ ಮಕ್ಕಳು ಉಳಿದವರ ಜೊತೆ ಕೂರುವ ಹಾಗಿರಲಿಲ್ಲ. ಅವರಿಗೆ ಬೇರೆ ಶಾಲೆ ಎಂದರು. ಅವರಲ್ಲಿ ಎಷ್ಟೋ ಮಕ್ಕಳು ಅಲ್ಲಿಂದ ಹೋಗಿದ್ದು ಸಾವಿನ ಶಿಬಿರಗಳಿಗೆ. ಈ ದೇಶದ ಯಾವುದೇ ಹಳೆ ಶಾಲೆಯ ಇತಿಹಾಸ ಓದಿದರೂ ಈ ಪುಟ ಬಂದೇ ಬರುತ್ತದೆ.

1968ರಲ್ಲಿ ಹೊಸ ಕಾನೂನು ಜಾರಿಯಾಗಿ ಎಚ್‌ಬಿಎಸ್ ಹೋಯಿತು. ಈಗ ವಿಶ್ವವಿದ್ಯಾಲಯಕ್ಕೆ ಒಯ್ಯುವ 6 ವರ್ಷದ ಹೈಸ್ಕೂಲಿಗೆ ವಿಡಬ್ಲ್ಯೂಓ ಎನ್ನುತ್ತಾರೆ. ಅದರಲ್ಲಿ ಎರಡು ಬಗೆ. ಲ್ಯಾಟಿನ್ ಅಥವಾ ಗ್ರೀಕ್ ಜೊತೆಗಿದ್ದರೆ ಜಿಮ್ನಾಸಿಯಂ, ಇಲ್ಲದಿದ್ದರೆ ಅಥೇನಿಯಂ. ಜಿಮ್ನಾಸಿಯಂ ಮಾತ್ರ ಇರುವ ಪ್ರತ್ಯೇಕ ಶಾಲೆಗಳು ದೇಶದಲ್ಲಿ ನಲವತ್ತರ ಆಸುಪಾಸು ಇವೆ. ಲೈಡನ್‌ನದು ಅವುಗಳಲ್ಲಿ ಒಂದು.

ಈಗ ನಿಮ್ಮ ಕೊನೆಯ ಪ್ರಶ್ನೆ, ಮಾರ್ಕ್ಸ್‌ಗೋಸ್ಕರಾನಾ? ಅಲ್ಲ. ಲ್ಯಾಟಿನ್‌ನಲ್ಲಿ ಇಲ್ಲಿ ಸುಮ್ನೆ ಮಾರ್ಕ್ಸ್ ಬೀಳುವುದಿಲ್ಲ. ಕೊನೆಯ ಪರೀಕ್ಷೆಯಲ್ಲಿ ಮೊದಲೇ ನೋಡಿರದ ಲ್ಯಾಟಿನ್ ಭಾಗ ಕೊಟ್ಟು, ನಿಘಂಟು ಇಟ್ಟುಕೊಂಡು ಡಚ್‌ಗೆ ಅನುವಾದ ಮಾಡು ಎನ್ನುತ್ತಾರೆ. ಬಾಯಿಪಾಠ ಅಲ್ಲಿ ನಡೆಯುವುದಿಲ್ಲ. ಡಾಕ್ಟರ್, ಇಂಜಿನಿಯರ್ ಆಗುವುದಕ್ಕೆ ಅಥೇನಿಯಂ ಡಿಪ್ಲೊಮಾಕ್ಕೂ ಜಿಮ್ನಾಸಿಯಂ ಡಿಪ್ಲೊಮಾಕ್ಕೂ ಇಲ್ಲಿ ಒಂದೇ ಬೆಲೆ. ಹಾಗಾಗಿ ಪಕ್ಕದ ಮನೆಯವರು ಹೇಳಿದರು, ಶಾಲೆಗೆ ದೊಡ್ಡ ಹೆಸರಿದೆ ಎಂಬ ಕಾರಣಕ್ಕೆ ಮಾತ್ರ ಸೇರಿಸಬೇಡಿ. ಮಗಳಿಗೆ ಪದಗಳನ್ನು ಬಿಚ್ಚಿ ನೋಡುವ ಖುಷಿ ಇದೆಯಾ, ಹಳೆ ಕಥೆ ಇಷ್ಟವಾ, ನಿಧಾನಕ್ಕೆ ಕೂತು ಒಂದು ವಾಕ್ಯದ ಜೊತೆ ಗುದ್ದಾಡುವ ತಾಳ್ಮೆ ಇದೆಯಾ ನೋಡಿ. ಇದ್ದರೆ ಕಣ್ಣು ಮುಚ್ಚಿ ಕಳಿಸಿ. ಬಾಗಿಲಿಗೆ ಬೀಗ ಇದ್ದ ಕಾಲದಲ್ಲಿ ಮಕ್ಕಳು ಬೇರೆ ದಾರಿ ಇಲ್ಲದೆ ಲ್ಯಾಟಿನ್ ಕಲಿತರು. ಈಗ ಕಲಿಯುವವರು ಬೇಕೆಂದು ಕಲಿಯುತ್ತಾರೆ. ಅದೇ ಕಾರಣಕ್ಕೆ ಈಗಿನ ಶಾಲೆ ನನಗೆ ರೆಂಬ್ರಾಂಟ್ ಕಾಲದ ಶಾಲೆಗಿಂತ ಜಾಸ್ತಿ ಇಷ್ಟ.

ಒಂದು ಭರವಸೆಯನ್ನೂ ಕೊಡುತ್ತೇನೆ. ಲ್ಯಾಟಿನ್‌ನಲ್ಲಿ ಡಚ್ ಮಕ್ಕಳಿಗೆ ತುಂಬಾ ಕಷ್ಟವಾಗುವುದು ವಿಭಕ್ತಿ. ಈಗಿನ ಡಚ್‌ನಲ್ಲಿ ಅದು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಪದದ ಬಾಲ ಬದಲಾದರೆ ಅರ್ಥ ಬದಲಾಗುತ್ತದೆ ಅನ್ನುವುದು ಅವರಿಗೆ ಹೊಸ ವಿಷಯ. ನಿಮ್ಮ ಮಗಳು ಮನೆಯಲ್ಲಿ ಕನ್ನಡ ಮಾತಾಡುತ್ತಾಳೆ ತಾನೆ? ಮರ, ಮರವನ್ನು, ಮರದಿಂದ, ಮರಕ್ಕೆ, ಮರದ, ಮರದಲ್ಲಿ. ದಿನಾ ಬೆಳಗಿನಿಂದ ರಾತ್ರಿವರೆಗೆ ಇದನ್ನೇ ಮಾಡುತ್ತಾಳೆ. ಲೊಕ್‌ಹೋರ್ಸ್ಟ್‌ಸ್ಟ್ರಾಟ್‌ಗೆ ಅವಳನ್ನೂ ಕರೆದುಕೊಂಡು ಹೋಗಿ, ಗೋಡೆಯ ಮೇಲಿನ ಆ ಸಾಲು ತೋರಿಸಿ. ಭಕ್ತಿಗೆ ಅಲ್ಲಿ ‘ಪಿಯೆಟಾಸ್’ ಎಂದು ಬರೆದಿಲ್ಲ, ‘ಪಿಯೆಟಾಟಿ’ ಎಂದಿದೆ. ಭಾಷೆ ಅಂದರೆ ‘ಲಿಂಗ್ವಾ’, ಆದರೆ ಗೋಡೆಯ ಮೇಲೆ ‘ಲಿಂಗ್ವಿಸ್’. ಯಾಕೆ ಹೀಗೆ ಎಂದು ಅವಳನ್ನೇ ಕೇಳಿ. ಭಕ್ತಿಗೆ, ಭಾಷೆಗಳಿಗೆ ಎಂದು ಕನ್ನಡದಲ್ಲಿ ಹೇಳಿಕೊಟ್ಟರೆ ಸಾಕು. ನಾವು ಹಚ್ಚುವ ಆ ‘ಗೆ’ಯನ್ನು ಅವಳು ಲ್ಯಾಟಿನ್‌ನಲ್ಲಿ ತಾನೇ ಹುಡುಕಿಕೊಳ್ಳುತ್ತಾಳೆ.